ಮೆಣಸಿನಕಾಯಿ ಬರುವ ಮುಂಚಿನ ಊಟ: ಇವತ್ತಿನ ಒಲೆಯ ಮೇಲೆ ಮಾಡುವ ಬಗೆ

ಮೊದಲು ಕೆಲವು ಸಾಮಾನು ಕಟ್ಟೆಯಿಂದ ಕೆಳಗಿಳಿಸಿ. ಒಣಮೆಣಸಿನಕಾಯಿ, ಹಸಿಮೆಣಸಿನಕಾಯಿ, ಖಾರದ ಪುಡಿ. ಮನೆಯಲ್ಲಿ ಮಾಡಿಟ್ಟ ಸಾರಿನ ಪುಡಿಯೂ ಬೇಡ, ಅದರ ಬಣ್ಣವೇ ಮೆಣಸಿನಕಾಯಿಯದು. ಇಷ್ಟಕ್ಕೇ ಮುಗಿಯುವುದಿಲ್ಲ. ಟೊಮೆಟೊ, ಆಲೂಗಡ್ಡೆ, ಬೀನ್ಸ್, ಸಿಹಿಗುಂಬಳ, ಶೇಂಗಾ, ಗೋಡಂಬಿ ಕೂಡ ಆಚೆ ಇಡಿ. ಇವೆಲ್ಲ ಅಮೆರಿಕ ಖಂಡದಿಂದ ಬಂದವು. 1492ರಲ್ಲಿ ಕೊಲಂಬಸ್ ಆ ಕಡೆ ಹೋಗಿ ತಲುಪಿದ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಮೆಣಸಿನಕಾಯಿ ನಮ್ಮ ಕರಾವಳಿಗೆ ಇಳಿದದ್ದು ಅವರ ಹಡಗುಗಳಿಂದ. ಅಂದರೆ ಬಸವಣ್ಣನ ಕಾಲದ ಯಾವ ಮನೆಯಲ್ಲೂ ಇವತ್ತಿನ ನಮ್ಮ ಕೆಂಪು ಸಾರು ಕುದಿದಿಲ್ಲ.

ಹಾಗಾದರೆ ಅಡುಗೆ ಮಾಡುವುದು ಯಾವುದರಲ್ಲಿ? ಬೇಕಾದಷ್ಟಿದೆ. ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಬೀಜ, ಸಾಸಿವೆ, ಮೆಂತೆ, ಅರಿಶಿನ, ಶುಂಠಿ, ಇಂಗು, ಹುಣಸೆ, ಬೆಲ್ಲ, ಕರಿಬೇವು, ತೆಂಗು. ತರಕಾರಿಗೆ ಬಾಳೆಕಾಯಿ, ಬೂದುಗುಂಬಳ, ಸೌತೆ, ಹೀರೆ, ಹಾಗಲ, ಬದನೆ, ಸುವರ್ಣಗಡ್ಡೆ, ಹಲಸು. ಇಷ್ಟು ಇಟ್ಟುಕೊಂಡು ಒಂದು ಪೂರ್ತಿ ಊಟ ಮಾಡಬಹುದು. ಬಿಪಿಯವರ ಸಪ್ಪೆ ಊಟ ಅಲ್ಲ, ಮೂಗಿನಲ್ಲಿ ನೀರು ಬರುವಷ್ಟು ಖಾರದ ಊಟ.

ನಾನು ಶಿರಸಿ ಕಡೆಯವಳು. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ತೋಟದಲ್ಲಿ ಬೆಳೆದವಳು. ಮದುವೆಯಾಗಿ ಬಂದದ್ದು ರಾಣೆಬೆನ್ನೂರಿಗೆ. ಇಲ್ಲಿಂದ ಬ್ಯಾಡಗಿ ಹತ್ತಿರದಲ್ಲೇ ಇದೆ. ಸುಗ್ಗಿಯಲ್ಲಿ ಅಲ್ಲಿನ ಮಾರುಕಟ್ಟೆಯ ಅಂಗಳವೆಲ್ಲ ಕೆಂಪು, ಗಾಳಿ ಬೀಸಿದರೆ ಸೀನು ನಿಲ್ಲುವುದಿಲ್ಲ. ಒಂದು ಊರಲ್ಲಿ ಕಪ್ಪು ಖಾರ, ಇನ್ನೊಂದು ಊರಲ್ಲಿ ಕೆಂಪು ಖಾರ. ಎರಡರ ನಡುವೆ ಸಂಸಾರ ಮಾಡಿದ್ದರಿಂದ ಈ ವಿಷಯದ ಹುಚ್ಚು ಹತ್ತಿತು.

ಹಳೆಯ ಅಡುಗೆ ಎಲ್ಲಿ ಉಳಿದಿದೆ

ಇದನ್ನು ಕಲಿಯಲು ತಾಳೆಗರಿ ಹುಡುಕಬೇಕಾಗಿಲ್ಲ. ಎರಡು ಕಡೆ ನೋಡಿದರೆ ಸಾಕು. ಒಂದು ತಿಥಿ ಅಡುಗೆ, ಇನ್ನೊಂದು ಬಾಣಂತಿ ಅಡುಗೆ.

ನಮ್ಮ ಕಡೆ ಅನೇಕ ಮನೆಗಳಲ್ಲಿ ತಿಥಿಯ ದಿನ ಮೆಣಸಿನಕಾಯಿ ಮುಟ್ಟುವುದಿಲ್ಲ. ಟೊಮೆಟೊ, ಆಲೂಗಡ್ಡೆಯೂ ಇಲ್ಲ. ಖಾರಕ್ಕೆ ಕಾಳುಮೆಣಸು, ಪಲ್ಯಕ್ಕೆ ಬಾಳೆಕಾಯಿ, ಗೋರಿಕಾಯಿ, ಹಾಗಲಕಾಯಿ. ಕೆಲವರು ಇಂಗನ್ನೂ ಬಿಡುತ್ತಾರೆ. ಮನೆಯಿಂದ ಮನೆಗೆ ಪಟ್ಟಿ ಸ್ವಲ್ಪ ಬೇರೆ. ಕಾರಣ ಕೇಳಿದರೆ ಹಿರಿಯರು "ಪದ್ಧತಿ ಇಲ್ಲ" ಎನ್ನುತ್ತಾರೆ, ಅಷ್ಟೇ. ಆದರೆ ಬಿಡುವ ಸಾಮಾನಿನ ಪಟ್ಟಿಯನ್ನು ಒಮ್ಮೆ ಬರೆದು ನೋಡಿ. ಹೆಚ್ಚಿನವು ಹಡಗಿನಲ್ಲಿ ಬಂದ ಹೊಸಬರು. ಪಿತೃಗಳಿಗೆ ಅವರು ಉಂಡದ್ದನ್ನೇ ಬಡಿಸಬೇಕು ಎಂಬ ಹಟದಿಂದ ಒಂದು ಇಡೀ ಅಡುಗೆಮನೆ ಹಾಗೇ ಉಳಿದುಬಿಟ್ಟಿದೆ.

ಬಾಣಂತಿಯದು ಬೇರೆ ದಾರಿ. ಮೆಣಸು, ಜೀರಿಗೆ, ಬೆಳ್ಳುಳ್ಳಿ, ಶುಂಠಿ, ತುಪ್ಪ. ಮೆಣಸಿನಕಾಯಿ ಉರಿ, ಮಗುವಿಗೆ ಆಗದು ಎಂಬ ನಂಬಿಕೆ. ಜಾತಿ ಯಾವುದೇ ಇರಲಿ, ಮೆಣಸಿನ ಸಾರು ಕುದಿಯದ ಬಾಣಂತಿ ಕೋಣೆ ಕರ್ನಾಟಕದಲ್ಲಿ ಸಿಗುವುದು ಕಷ್ಟ. ನನ್ನ ಅತ್ತೆ ವರ್ಷವಿಡೀ ಕೆಂಪು ಖಾರ ತಿನ್ನುವವರು. ನನ್ನ ಬಾಣಂತನದಲ್ಲಿ ಮಾತ್ರ ಒರಳಿನಲ್ಲಿ ಕಾಳುಮೆಣಸು ಕುಟ್ಟಿದರು. ಯಾರೂ ಹೇಳಿಕೊಟ್ಟದ್ದಲ್ಲ, ಅವರ ಅತ್ತೆ ಮಾಡಿದ್ದು.

ಬರವಣಿಗೆಯ ಸಾಕ್ಷಿ ಬೇಕು ಎನ್ನುವವರಿಗೆ ನಮ್ಮ ಕಲ್ಯಾಣವೇ ಇದೆ, ಈಗಿನ ಬಸವಕಲ್ಯಾಣ. 12ನೇ ಶತಮಾನದಲ್ಲಿ ಅಲ್ಲಿ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಊಟಕ್ಕೇ ಒಂದು ಭಾಗವಿದೆ. ಅದರಲ್ಲಿ ಇಂಗು, ಕಾಳುಮೆಣಸು, ಜೀರಿಗೆ, ಅರಿಶಿನ ಬರುತ್ತವೆ. ಮೆಣಸಿನಕಾಯಿಯ ಸುಳಿವೇ ಇಲ್ಲ, ಇರಲು ಸಾಧ್ಯವೂ ಇಲ್ಲ. ರಾಜನ ಅರಮನೆಯಲ್ಲೂ ಖಾರ ಎಂದರೆ ಇದೇ ಕಪ್ಪು ಕಾಳು.

ಮೆಣಸು ಆರಿಸುವುದು

ಇಡೀ ಊಟ ಈ ಒಂದು ಕಾಳಿನ ಮೇಲೆ ನಿಂತಿರುವುದರಿಂದ ಇಲ್ಲಿ ಜಿಪುಣತನ ಬೇಡ. ಪುಡಿ ಕೊಳ್ಳಲೇಬೇಡಿ. ಕಾಳು ಕೊಳ್ಳಿ. ಅಂಗೈಯಲ್ಲಿ ಹಾಕಿಕೊಂಡರೆ ಭಾರ ಅನ್ನಿಸಬೇಕು. ಮೈ ಸುಕ್ಕಾಗಿರಬೇಕು, ಉಗುರಿನಿಂದ ಒತ್ತಿದರೆ ಪುಡಿಯಾಗಬಾರದು. ನಮ್ಮೂರಿನ ವ್ಯಾಪಾರಿಗಳು ಲೀಟರ್ ತೂಕ ನೋಡುತ್ತಾರೆ. ಒಂದು ಲೀಟರ್ ಅಳತೆ ತುಂಬಿದ ಮೆಣಸು 550 ಗ್ರಾಂ ತೂಗಿದರೆ ಒಳ್ಳೆಯ ಮಾಲು. 500ಕ್ಕಿಂತ ಕೆಳಗೆ ಬಂದರೆ ಒಳಗೆ ಜೊಳ್ಳು ಜಾಸ್ತಿ. ಮನೆಯಲ್ಲಿ ಅಷ್ಟು ಕೊಳ್ಳುವುದಿಲ್ಲ ಬಿಡಿ. ಸ್ವಲ್ಪ ಕಾಳನ್ನು ನೀರಿಗೆ ಹಾಕಿ ನೋಡಿ. ಗಟ್ಟಿ ಕಾಳು ಮುಳುಗುತ್ತದೆ. ತೇಲುವುದು ಜೊಳ್ಳು, ಇಲ್ಲವೇ ಪಪ್ಪಾಯಿ ಬೀಜ. ಈ ಪಪ್ಪಾಯಿಯೂ ಅಮೆರಿಕದ್ದೇ, ಅಲ್ಲಿಂದ ಬಂದು ನಮ್ಮ ಮೆಣಸಿನಲ್ಲಿ ಕಲಬೆರಕೆಯಾಗಿ ಕೂತಿದೆ!

ಶಿರಸಿ, ಸಿದ್ದಾಪುರ, ಸಾಗರ, ಕೊಡಗು, ಸಕಲೇಶಪುರ ಕಡೆ ನೆಂಟರಿದ್ದರೆ ಅವರಿಂದ ತರಿಸಿ. ಕೊಯ್ಲು ಹೆಚ್ಚುಕಡಿಮೆ ಡಿಸೆಂಬರಿನಿಂದ ಮಾರ್ಚ್‌ವರೆಗೆ. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದಾಗ ಕೊಯ್ದು, ಬಿಡಿಸಿ, ಅಂಗಳದಲ್ಲಿ ಒಣಗಿಸುತ್ತಾರೆ. ಹಸಿರು ಕಾಳು ಬಿಸಿಲಿನಲ್ಲಿ ಕಪ್ಪಾಗುತ್ತದೆ. ಮೂರು ಕಿಲೋ ಹಸಿ ಮೆಣಸು ಒಣಗಿ ಸುಮಾರು ಒಂದು ಕಿಲೋ ಆಗುತ್ತದೆ. ನಮ್ಮ ತೋಟದಲ್ಲಿ ಮಲ್ಲಿಸರ ಎಂಬ ಹಳೆಯ ತಳಿಯ ಬಳ್ಳಿ ಇತ್ತು, ಈಗ ಪಣಿಯೂರು ತಳಿ ಜಾಸ್ತಿ. ಪಣಿಯೂರಿನ ಕಾಳು ದಪ್ಪ, ನೋಡಲು ಚೆನ್ನ. ಪರಿಮಳದಲ್ಲಿ ನನ್ನ ಓಟು ಹಳೆಯದಕ್ಕೇ.

ಈ ಕಾಳಿಗೆ ಜಗತ್ತು ಎಷ್ಟು ಬಾಯಿ ಬಿಟ್ಟಿತ್ತು ಎಂಬುದನ್ನು ಕುಟ್ಟುವಾಗ ನೆನಪಿಸಿಕೊಳ್ಳಿ, ಕೈ ನೋವು ಗೊತ್ತಾಗುವುದಿಲ್ಲ. ಈಜಿಪ್ಟಿನ ಎರಡನೇ ರಾಮ್ಸೆಸ್ ದೊರೆ ಕ್ರಿ.ಪೂ. 1213ರಲ್ಲಿ ಸತ್ತ. ಅವನ ಮಮ್ಮಿಯ ಮೂಗಿನ ಹೊಳ್ಳೆಯಲ್ಲಿ ಕಾಳುಮೆಣಸು ಸಿಕ್ಕಿದೆ. ರೋಮಿನ ಲೇಖಕ ಪ್ಲಿನಿ ಒಂದನೇ ಶತಮಾನದಲ್ಲಿ ಗೊಣಗಿದ್ದಾನೆ: ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಎಳೆದುಕೊಳ್ಳುತ್ತಿದೆ ಅಂತ. ಆ ಹಣದಲ್ಲಿ ಮೆಣಸಿನ ಪಾಲು ದೊಡ್ಡದು. 408ರಲ್ಲಿ ಗೋಥ್ ದೊರೆ ಅಲಾರಿಕ್ ರೋಮ್ ನಗರಕ್ಕೆ ಮುತ್ತಿಗೆ ಹಾಕಿದಾಗ ಚಿನ್ನ, ಬೆಳ್ಳಿಯ ಜೊತೆ 3,000 ಪೌಂಡ್ ಮೆಣಸನ್ನೂ ಕೇಳಿ ತೆಗೆದುಕೊಂಡ. ಇನ್ನು ನಮ್ಮ ಜಿಲ್ಲೆಯ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಇದ್ದೇ ಇದ್ದಾಳೆ. 16ನೇ ಶತಮಾನದಲ್ಲಿ ಅರ್ಧ ಶತಮಾನ ಆಳಿದವಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಅವಳ ಜೊತೆ ಜಗಳವಾಡುತ್ತಲೇ ವ್ಯಾಪಾರವನ್ನೂ ಮಾಡಿದರು. ಅವರ ಹಡಗುಗಳು ನಮ್ಮ ಕರಿಯ ಕಾಳು ಒಯ್ಯಲು ಬಂದವು, ಇಳಿಸಿ ಹೋದದ್ದು ಕೆಂಪು ಕಾಯಿಯನ್ನು.

ಮೆಣಸಿನ ಸಾರು

ನಾಲ್ಕು ಜನಕ್ಕೆ ಲೆಕ್ಕ. ಕಾಲು ಕಪ್ ತೊಗರಿಬೇಳೆಯನ್ನು ಚಿಟಿಕೆ ಅರಿಶಿನ ಹಾಕಿ ಬೇಯಿಸಿ, ಮಸೆದಿಡಿ. ಸಣ್ಣ ನಿಂಬೆಹಣ್ಣಿನ ಗಾತ್ರದ ಹುಣಸೆಯನ್ನು ಬಿಸಿನೀರಲ್ಲಿ ನೆನೆಸಿ ಕಿವುಚಿ. ಒಂದೂವರೆ ಚಮಚ ಕಾಳುಮೆಣಸು, ಎರಡು ಚಮಚ ಜೀರಿಗೆ ಬೇಕು. ಚಮಚ ಎಂದರೆ ಚಹಾ ಚಮಚ. ಹೊಸದಾಗಿ ಮಾಡುವವರು ಒಂದು ಚಮಚ ಮೆಣಸಿನಿಂದ ಶುರು ಮಾಡಿ.

ಈಗ ಮುಖ್ಯವಾದ ಮಾತು. ಮೆಣಸನ್ನು ಒಣದಾಗಿ ಹುರಿಯಬೇಡಿ. ಅರ್ಧ ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೆಣಸಿನ ಖಾರದ ಅಂಶಕ್ಕೆ ಪಿಪರೀನ್ ಎಂದು ಹೆಸರು. ಅದು ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ಅದಕ್ಕೇ ಬರೀ ನೀರಿಗೆ ಪುಡಿ ಉದುರಿಸಿದರೆ ಸಾರು ಸಪ್ಪೆ, ತಳದಲ್ಲಿ ಮಾತ್ರ ಗಂಟಲು ಹಿಡಿಯುವ ಗಸಿ. ಬಾಣಂತಿ ಸಾರಿಗೆ ಹಿರಿಯರು ಅಷ್ಟು ತುಪ್ಪ ಸುರಿಯುತ್ತಿದ್ದದ್ದು ಸುಮ್ನೆ ಅಲ್ಲ.

ಕಾಳು ಉಬ್ಬಿ, ಒಂದೆರಡು ಚಟ್ ಎಂದಾಗ ಒಲೆ ಆರಿಸಿ. ಆ ಬಿಸಿಗೇ ಜೀರಿಗೆ ಹಾಕಿ ಕೈಯಾಡಿಸಿ. ಜೀರಿಗೆಗೆ ಅಷ್ಟು ಸಾಕು, ಹೊತ್ತಿದರೆ ಕಹಿ. ತಣ್ಣಗಾದ ಮೇಲೆ ತರಿತರಿಯಾಗಿ ಕುಟ್ಟಿ. ಮಿಕ್ಸಿ ಆದರೆ ಎರಡು ಸಲ ಟರ್ ಅನ್ನಿಸಿ ನಿಲ್ಲಿಸಿ.

ಹುಣಸೆ ನೀರಿಗೆ ಉಪ್ಪು, ಗೋಲಿ ಗಾತ್ರದ ಬೆಲ್ಲ, ಕರಿಬೇವು ಹಾಕಿ ಕುದಿಸಿ. ಹಸಿ ವಾಸನೆ ಹೋದ ಮೇಲೆ ಬೇಳೆ ಮತ್ತು ಮೂರು ಲೋಟ ನೀರು ಸೇರಿಸಿ. ಕುಟ್ಟಿದ ಪುಡಿಯಲ್ಲಿ ಅರ್ಧ ಮಾತ್ರ ಈಗ ಹಾಕಿ, ಐದಾರು ನಿಮಿಷ ಕುದಿಯಲಿ. ಉಳಿದ ಅರ್ಧ ಒಲೆ ಆರಿಸುವ ಮುಂಚೆ. ಕಾರಣ ಇದು: ಖಾರ ಕುದಿಸಿದರೂ ಉಳಿಯುತ್ತದೆ, ಪರಿಮಳ ಉಳಿಯುವುದಿಲ್ಲ. ಆ ಎಣ್ಣೆ ಹಬೆಯ ಜೊತೆ ಹೋಗಿಬಿಡುತ್ತದೆ. ಮೊದಲ ಪಾಲು ನಾಲಿಗೆಗೆ, ಎರಡನೆಯದು ಮೂಗಿಗೆ.

ಒಗ್ಗರಣೆ ತುಪ್ಪದಲ್ಲಿ: ಸಾಸಿವೆ, ಇಂಗು, ಕರಿಬೇವು. ಒಣಮೆಣಸಿನಕಾಯಿ ಮುರಿದು ಹಾಕಲು ಕೈ ತಾನಾಗಿ ಹೋಗುತ್ತದೆ, ತಡೆಯಿರಿ.

ಸಾರಿನ ಬಣ್ಣ ನೋಡಿ ಮನೆಯವರು ಮುಖ ಸೊಟ್ಟ ಮಾಡಬಹುದು. ಬೂದು ಬೂದಾಗಿ ಕಾಣುತ್ತದೆ, ನಿಜ. ನಾವು ಸಾರನ್ನು ಕಣ್ಣಿನಿಂದ ಉಣ್ಣಲು ಕಲಿತದ್ದೇ ಬ್ಯಾಡಗಿ ಬಂದ ಮೇಲೆ. ಬ್ಯಾಡಗಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು.

ಖಾರದ ನಡೆ ಕೂಡ ಬೇರೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮತ್ತು ಮೆಣಸಿನ ಪಿಪರೀನ್ ಎರಡೂ ಬಾಯಿಯಲ್ಲಿ ಬಿಸಿ ಗುರುತಿಸುವ ಒಂದೇ ನರದ ಬಾಗಿಲು ತಟ್ಟುತ್ತವೆ. ಕ್ಯಾಪ್ಸೈಸಿನ್ನಿನ ಪೆಟ್ಟು ಬಹಳ ಜೋರು. ಮೆಣಸಿನದು ಗಂಟಲಿಗೆ ಇಳಿದು, ಹಣೆಯಲ್ಲಿ ಬೆವರು ತರಿಸಿ, ಬೇಗ ಬಿಟ್ಟುಹೋಗುತ್ತದೆ. ಅದಕ್ಕೇ ಈ ಸಾರನ್ನು ಕುಡಿಯಬಹುದು. ಕೆಂಪು ಸಾರು ಲೋಟದಲ್ಲಿ ಕುಡಿಯುವ ಧೈರ್ಯ ನನಗಂತೂ ಇಲ್ಲ.

ಇನ್ನೂ ಹಿಂದೆ ಹೋಗಬೇಕು ಅನ್ನಿಸಿದರೆ ಗ್ರಂಧಿಗೆ ಅಂಗಡಿಯಲ್ಲಿ ಹಿಪ್ಪಲಿ ಕೇಳಿ, ಅದು ಮೆಣಸಿನ ಜಾತಿಯದೇ ಉದ್ದನೆಯ ಕಾಯಿ. ಅರ್ಧ ಚಮಚ ಮೆಣಸು ಕಡಿಮೆ ಮಾಡಿ, ಎರಡು ಹಿಪ್ಪಲಿ ಕುಟ್ಟಿ ಸೇರಿಸಿ. ಸ್ವಲ್ಪ ಸಿಹಿ ಇರುವ, ನಿಧಾನಕ್ಕೆ ಏರುವ ಖಾರ. ಪ್ಲಿನಿ ಬರೆದ ಬೆಲೆಯಲ್ಲಿ ಕಾಳುಮೆಣಸು ಪೌಂಡಿಗೆ 4 ದಿನಾರಿ (ರೋಮಿನ ಬೆಳ್ಳಿ ನಾಣ್ಯ), ಹಿಪ್ಪಲಿ 15. ಈಗ ಅದು ಕಷಾಯದ ಸಾಮಾನಾಗಿ ಮೂಲೆ ಸೇರಿದೆ.

ಬಾಳೆಕಾಯಿ ಪಲ್ಯ, ತಂಬುಳಿ

ಎರಡು ಬಾಳೆಕಾಯಿ ಹೆಚ್ಚಿ ಮಜ್ಜಿಗೆ ನೀರಲ್ಲಿ ಹಾಕಿಡಿ, ಕಪ್ಪಾಗುವುದಿಲ್ಲ. ಅರಿಶಿನ, ಉಪ್ಪು ಹಾಕಿ ಬೇಯಿಸಿ ಬಸಿಯಿರಿ. ಅರ್ಧ ಕಪ್ ಕಾಯಿತುರಿ, ಮುಕ್ಕಾಲು ಚಮಚ ಮೆಣಸು, ಅರ್ಧ ಚಮಚ ಜೀರಿಗೆ ನೀರಿಲ್ಲದೆ ತರಿಯಾಗಿ ರುಬ್ಬಿ. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆ. ಬಾಳೆಕಾಯಿ ಹಾಕಿ, ಕಾಯಿಯ ಮಿಶ್ರಣ ಸೇರಿಸಿ, ಎರಡು ನಿಮಿಷ ಬಾಡಿಸಿ. ತೆಂಗಿನ ಜಿಡ್ಡು ಇರುವುದರಿಂದ ಮೆಣಸು ಎಲ್ಲ ಕಡೆ ಸಮನಾಗಿ ಹಿಡಿಯುತ್ತದೆ. ಸುವರ್ಣಗಡ್ಡೆಗೂ ಇದೇ ಲೆಕ್ಕ. ಹಾಗಲಕಾಯಿಗೆ ಮಾತ್ರ ಬೆಲ್ಲ, ಹುಣಸೆ ಬೇಕು.

ಹಸಿಮೆಣಸಿನಕಾಯಿ ಹಾಕುವ ಕಡೆಯೆಲ್ಲ ಬರೀ ಕಾಳುಮೆಣಸು ಹಾಕಿದರೆ ಹೊಂದುವುದಿಲ್ಲ. ಅಲ್ಲಿ ಶುಂಠಿ ಅರ್ಧ, ಮೆಣಸು ಅರ್ಧ. ಮಜ್ಜಿಗೆಹುಳಿ, ಕೋಸಂಬರಿ, ಚಟ್ನಿ ಎಲ್ಲಕ್ಕೂ ಇದು ನಡೆಯುತ್ತದೆ. ಶುಂಠಿ, ಅರಿಶಿನದ ಬಳಕೆ ಎಷ್ಟು ಹಳೆಯದು ಗೊತ್ತಾ? ಹರಿಯಾಣದ ಫರ್ಮಾನಾದಲ್ಲಿ ಅಗೆದಾಗ ಸಿಕ್ಕ ಹರಪ್ಪ ಕಾಲದ ಮಡಕೆಗಳಲ್ಲಿ ಎರಡರ ಕಣಗಳೂ ಅಂಟಿಕೊಂಡಿದ್ದವು. 4,000 ವರ್ಷಕ್ಕೂ ಹಿಂದಿನ ಪಲ್ಯ!

ತಂಬುಳಿಗೆ ಐದು ನಿಮಿಷ ಸಾಕು. ಒಂದು ಚಮಚ ಜೀರಿಗೆ, ಏಳೆಂಟು ಕಾಳು ಮೆಣಸು ತುಪ್ಪದಲ್ಲಿ ಹುರಿಯಿರಿ. ಮೂರು ಚಮಚ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ. ಒಲೆಗೆ ಇಡಬಾರದು. ಒಂದೆಲಗ ಸಿಕ್ಕರೆ ಒಂದು ಹಿಡಿ ಸೇರಿಸಿ ರುಬ್ಬಿ.

ಹಳೆಯ ಇಡ್ಲಿ

ಇದು ಧೈರ್ಯ ಇದ್ದವರಿಗೆ. 1025ರ ಸುಮಾರಿಗೆ ಚಾವುಂಡರಾಯ ಎಂಬ ಕವಿ ಬರೆದ ಕನ್ನಡದ 'ಲೋಕೋಪಕಾರ'ದಲ್ಲಿ ಇಡ್ಲಿಯ ಹಳೆಯ ರೂಪ ಇದೆ. ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸುವುದು, ನುಣ್ಣಗೆ ರುಬ್ಬುವುದು, ಮೊಸರಿನ ತಿಳಿನೀರು ಮತ್ತು ಮಸಾಲೆ ಬೆರೆಸುವುದು. ಅಕ್ಕಿಯ ಮಾತಿಲ್ಲ.

ನಾನು ಮಾಡುವುದು ಹೀಗೆ. ಒಂದು ಕಪ್ ಉದ್ದಿನಬೇಳೆ, ಮುಳುಗುವಷ್ಟು ತೆಳು ಮಜ್ಜಿಗೆ, ನಾಲ್ಕು ತಾಸು. ರುಬ್ಬುವಾಗ ಮೊಸರಿನ ಮೇಲಿನ ನೀರನ್ನೇ ಸ್ವಲ್ಪ ಸ್ವಲ್ಪ ಹಾಕಿ. ಆಮೇಲೆ ಉಪ್ಪು, ಚಿಟಿಕೆ ಇಂಗು, ಜಜ್ಜಿದ ಮೆಣಸು, ಜೀರಿಗೆ, ಕೊತ್ತಂಬರಿ ಬೀಜ ತಲಾ ಅರ್ಧ ಚಮಚ. ರಾತ್ರಿಯಿಡೀ ಇಟ್ಟು ಬೆಳಗ್ಗೆ ಹಬೆಯಲ್ಲಿ ಬೇಯಿಸುತ್ತೇನೆ. ಹಬೆ ನನ್ನ ಅನುಕೂಲಕ್ಕೆ. ನಮ್ಮ ಈಗಿನ ಇಡ್ಲಿಯ ಹಗುರ ಇದಕ್ಕಿಲ್ಲ. ಅಂಟು, ಭಾರ. ಬಿಸಿ ಬಿಸಿ ತುಪ್ಪ ಸುರಿದರೆ ಮಾತ್ರ ರುಚಿ. ನನ್ನ ಗಂಡ ಇದನ್ನು ವಡೆಯ ಅಣ್ಣ ಎಂದು ಕರೆದು ಎರಡು ತಿಂದು ಎದ್ದರು.

ಎಲ್ಲ ನಮ್ಮದೇ ಅಂತೇನಿಲ್ಲ

ಈ ಊಟ ಮಾಡಿ ಬಡಿಸಿದಾಗ ಯಾರಾದರೂ "ನೋಡಿ, ಇದು ಶುದ್ಧ ದೇಶಿ" ಎಂದು ಶುರು ಮಾಡುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಜೀರಿಗೆ, ಕೊತ್ತಂಬರಿ ಎರಡರ ತವರೂ ಮೆಡಿಟರೇನಿಯನ್ ಮತ್ತು ಪಶ್ಚಿಮ ಏಷ್ಯಾದ ಕಡೆ. ಈಜಿಪ್ಟಿನ ತುತಾಂಖಾಮನ್ ಸಮಾಧಿಯಲ್ಲೇ ಕೊತ್ತಂಬರಿ ಬೀಜ ಸಿಕ್ಕಿದೆ. ಹುಣಸೆ ಆಫ್ರಿಕಾದ ಮರ. ಇಂಗು ಅಫ್ಘಾನಿಸ್ತಾನ, ಇರಾನ್ ಕಡೆಯ ಬೆಟ್ಟದ ಗಿಡದ ಹಾಲು. ನಮ್ಮ ದೇಶದಲ್ಲಿ ಅದರ ಬೇಸಾಯಕ್ಕೆ ಗಿಡ ನೆಟ್ಟದ್ದು 2020ರ ಅಕ್ಟೋಬರಿನಲ್ಲಿ, ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಅಂದರೆ ಸೋಮೇಶ್ವರನ ಅಡುಗೆಯವರೂ ಇಂಗಿಗೆ ದೂರದ ವ್ಯಾಪಾರಿಗಳ ದಾರಿಯನ್ನೇ ಕಾಯಬೇಕಿತ್ತು. ಮೆಣಸಿನಕಾಯಿ ಈ ಸಾಲಿನಲ್ಲಿ ಕೊನೆಗೆ ಬಂದದ್ದು, ಅಷ್ಟೇ ವ್ಯತ್ಯಾಸ.

ಅದು ಗೆದ್ದದ್ದೂ ಸರಿಯಾಗಿಯೇ ಇದೆ. ಮೆಣಸಿನ ಬಳ್ಳಿಗೆ ಮಳೆ ಬೇಕು, ನೆರಳು ಬೇಕು, ಹತ್ತಲು ಮರ ಬೇಕು, ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು. ಅದು ಘಟ್ಟದವರ ಆಸ್ತಿ. ಬಯಲುಸೀಮೆಯವರು ದುಡ್ಡು ಕೊಟ್ಟೇ ಕೊಳ್ಳಬೇಕಿತ್ತು. ಮೆಣಸಿನಕಾಯಿ ಗಿಡ ಹಿತ್ತಲಲ್ಲಿ ನೆಟ್ಟರೆ ಅದೇ ವರ್ಷ ಕಾಯಿ. ಒಣಗಿಸಿಟ್ಟರೆ ವರ್ಷಕ್ಕಾಯಿತು, ಬೀಜ ಪುಕ್ಕಟೆ. ರೊಟ್ಟಿ ಜೊತೆ ನೆಂಚಿಕೊಳ್ಳಲು ಬೇರೆ ಏನೂ ಇಲ್ಲದ ಮನೆಗೂ ಖಾರ ಸಿಕ್ಕಿತು. ರಾಣೆಬೆನ್ನೂರಿನಲ್ಲಿ ಕೂತು ನಾನು ಅದನ್ನು ಬೈದರೆ ಅತ್ತೆ ಸುಮ್ಮನಿರುತ್ತಾರಾ?

ಬಡಿಸುವಾಗ, ಎತ್ತಿಡುವಾಗ

ಅನ್ನಕ್ಕೆ ಮೊದಲು ತಂಬುಳಿ, ಆಮೇಲೆ ಸಾರು. ತಿರುವುಮುರುವಾದರೆ ತಂಬುಳಿಯ ರುಚಿ ಗೊತ್ತಾಗುವುದಿಲ್ಲ. ಸಿಹಿಗೆ ಹೆಸರುಬೇಳೆ, ಬೆಲ್ಲ, ಕಾಯಿಹಾಲಿನ ಪಾಯಸ, ಏಲಕ್ಕಿ ಹಾಕಿ. ಗೋಡಂಬಿ ಇಲ್ಲ ಎಂದು ಮಕ್ಕಳು ರಾಗ ಎಳೆದರೆ ಕೊಬ್ಬರಿ ಚೂರು ತುಪ್ಪದಲ್ಲಿ ಹುರಿದು ಹಾಕಿ. ಜೋಳದ ರೊಟ್ಟಿ ಮನೆಯವರು ಬಾಳೆಕಾಯಿ ಪಲ್ಯವನ್ನು ರೊಟ್ಟಿಗೇ ಸುತ್ತಿ ತಿನ್ನಬಹುದು, ಚೆನ್ನಾಗಿಯೇ ಹೊಂದುತ್ತದೆ.

ಮೆಣಸು ಜೀರಿಗೆ ಪುಡಿ ಉಳಿದರೆ ಗಾಜಿನ ಶೀಸೆಯಲ್ಲಿ ಗಟ್ಟಿ ಮುಚ್ಚಿಡಿ. ಒಲೆಯ ಪಕ್ಕ ಇಡಬೇಡಿ. ಒಂದು ವಾರ ಪರಿಮಳ ಚೆನ್ನಾಗಿರುತ್ತದೆ, ಆಮೇಲೆ ಖಾರ ಮಾತ್ರ. ಹಾಗಾದ ಪುಡಿಯನ್ನು ಬಿಸಾಡುವುದು ಬೇಡ, ಮೊಸರನ್ನಕ್ಕೆ ಅಥವಾ ಕಷಾಯಕ್ಕೆ ಆಗುತ್ತದೆ. ಕುಟ್ಟದ ಕಾಳಾದರೆ ಚಿಂತೆಯಿಲ್ಲ. ತೇವ ತಾಗದ ಡಬ್ಬಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ಮಳೆಗಾಲ ಮುಗಿದ ಮೇಲೆ ಮಾತ್ರ ಒಮ್ಮೆ ಬಿಸಿಲಿಗೆ ಹರಡಿ, ಬೂಸ್ಟು ಬಂದಿದೆಯೇ ನೋಡಿಕೊಳ್ಳಿ.